ಪಿನ್ನು ನುಂಗಿದ ಮಗು ಆಡ್ಕೊಂಡಿದೆ ಅಂತ ಕಾಯಬೇಡಿ

ಸಂಪಾದಕರೇ,

ಮಗು ಏನಾದ್ರೂ ನುಂಗಿದ್ರೆ ಸುತ್ತಮುತ್ತಲಿನವರು ಹೇಳೋದು ಒಂದೇ, ‘ಮೋಷನ್‌ನಲ್ಲಿ ಹೋಗುತ್ತೆ ಬಿಡಿ’. ಈ ಮಾತು ಪೂರ್ತಿ ಸುಳ್ಳಲ್ಲ, ತೊಂದ್ರೆ ಇರೋದೇ ಅಲ್ಲಿ. ಮಕ್ಕಳು ನುಂಗೋದ್ರಲ್ಲಿ ಹೆಚ್ಚಿನವು ತಾವಾಗೇ ಹೊರಗೆ ಬರುತ್ವೆ ನಿಜ, ಆದ್ರೆ ನಾಣ್ಯಕ್ಕೂ ಬಾಯಿ ತೆರೆದ ಸೇಫ್ಟಿ ಪಿನ್ನಿಗೂ ಒಂದೇ ಲೆಕ್ಕನಾ?

ನಮ್ಮ ಒಂದೂವರೆ ವರ್ಷದ ಮಗಳು ಪಿನ್ನು ಬಾಯಿಗೆ ಹಾಕ್ಕೊಂಡಿದ್ದು ನೋಡಿ ಗಾಬರೀಲಿ ನಾನೇ ಬೆರಳು ಹಾಕಿ ತೆಗೆಯೋಕೆ ಹೋದೆ, ಅದು ಇನ್ನೂ ಒಳಗೆ ಜಾರ್ತು (ಹಾಗೆ ಮಾಡಬಾರದಂತೆ, ಆಮೇಲೆ ಗೊತ್ತಾಯ್ತು). ಸ್ವಲ್ಪ ಹೊತ್ತು ಅತ್ತು ಆಟ ಶುರು ಮಾಡಿದ್ಲು, ಸರಿ ಬೆಳಿಗ್ಗೆ ನೋಡೋಣ ಅಂದ್ಕೊಂಡ್ವಿ, ರಾತ್ರಿ ಜೊಲ್ಲು ನಿಲ್ಲಲೇ ಇಲ್ಲ, ನೀರು ಕೊಟ್ರೂ ಉಗುಳ್ತಿದ್ಲು, ಆಗ ಓಡಿದ್ವಿ. ಎಕ್ಸ್‌ರೇಲಿ ನೋಡಿದ್ರೆ ಪಿನ್ನು ಅನ್ನನಾಳದಲ್ಲೇ ಸಿಕ್ಕಾಕ್ಕೊಂಡಿದೆ. ಆ ರಾತ್ರೀನೇ ಅರಿವಳಿಕೆ ಕೊಟ್ಟು ಎಂಡೋಸ್ಕೋಪಿ ಮಾಡಿ, ಅಂದ್ರೆ ಬಾಯಿಂದ ಕ್ಯಾಮೆರಾ ಇರೋ ಕೊಳವೆ ಇಳಿಸಿ ತೆಗೆದ್ರು.

ಡಾಕ್ಟರ್ ಆಮೇಲೆ ಹೇಳಿದ್ದು ಕೇಳಿ ಕೈಕಾಲು ತಣ್ಣಗಾಯ್ತು. ಅನ್ನನಾಳ ತೂತಾದ್ರೆ ಎದೆಯೊಳಗೆ ಕೀವು ತುಂಬುತ್ತೆ, ಅಪರೂಪಕ್ಕೆ ಪಕ್ಕದ ದೊಡ್ಡ ರಕ್ತನಾಳಕ್ಕೂ ಚುಚ್ಚುತ್ತೆ. ಜಠರದಲ್ಲಿದ್ರೆ 24 ಗಂಟೆಯೊಳಗೆ ತೆಗೀಬೇಕು. ಅಲ್ಲಿಂದಾಚೆ ಕರುಳಿಗೆ ಹೋದ್ರೆ ದಿನಾ ಎಕ್ಸ್‌ರೇ, ಮೂರು ದಿನ ಇದ್ದಲ್ಲೇ ಇದ್ರೆ ಆಪರೇಷನ್ ಯೋಚನೆ. ಸಣ್ಣ ಕರುಳು ದೊಡ್ಡ ಕರುಳಿಗೆ ಸೇರೋ ಜಾಗದಲ್ಲೇ ಹೆಚ್ಚಾಗಿ ತೂತಾಗೋದಂತೆ, ಹೊಟ್ಟೆ ನೋವು, ಜ್ವರ, ವಾಂತಿ, ಕಪ್ಪು ಮಲ ಕಂಡ್ರೆ ಒಂದು ನಿಮಿಷಾನೂ ಕಾಯೋ ಹಾಗಿಲ್ಲ.

ಏನಾದ್ರೂ ಮೆತ್ತಗಿರೋದು ತಿನ್ನಿಸಿ ಕೆಳಗೆ ತಳ್ಳೋ ಸಲಹೆ ಕೊಡೋರಿಗೊಂದು ಮಾತು: ಹೊಟ್ಟೆ ತುಂಬಿದ್ರೆ ಅರಿವಳಿಕೆ ಕೊಡೋದೇ ತಡ ಆಗುತ್ತೆ. ವಾಂತಿ ಮಾಡಿಸೋದು, ಭೇದಿ ಔಷಧಿ ಕುಡಿಸೋದೂ ಬೇಡ. ಇನ್ನೊಂದು, ಮರದ ಕಡ್ಡಿ, ಪ್ಲಾಸ್ಟಿಕ್ ಚೂರು, ಸಣ್ಣ ಮೀನಿನ ಮುಳ್ಳು ಎಕ್ಸ್‌ರೇಲಿ ಕಾಣದೇ ಇರಬಹುದು, ಏನೂ ಇಲ್ಲ ಅಂತ ರಿಪೋರ್ಟ್ ಬಂದ್ರೂ ಮಗು ಉಣ್ತಿಲ್ಲ ಅಂದ್ರೆ ವಾಪಸ್ ಕರ್ಕೊಂಡು ಹೋಗಿ. ಬಟನ್ ಬ್ಯಾಟರಿ (ವಾಚು, ಆಟಿಕೆಗಳಲ್ಲಿ ಇರೋ ಗುಂಡಿಯಂಥ ಚಿಕ್ಕ ಬ್ಯಾಟರಿ) ನುಂಗಿದ್ರಂತೂ ಎರಡೇ ಗಂಟೇಲಿ ಅನ್ನನಾಳ ಸುಟ್ಟುಹೋಗಬಹುದು, ಅದು ಬೇರೆ ಪತ್ರಾನೇ ಬೇಕು.

ಅಂದ ಹಾಗೆ, ನಮ್ಮತ್ತೆ ಹೊರಡೋವಾಗ ಅದೇ ಡಬ್ಬೀಲಿದ್ದ ಇನ್ನೊಂದು ಪಿನ್ನು ಪರ್ಸಿಗೆ ಹಾಕ್ಕೊಂಡಿದ್ರು, ಇದ್ಯಾಕೆ ಅಂತ ನಾನು ರೇಗಿದ್ದೆ. ಆಸ್ಪತ್ರೇಲಿ ಡಾಕ್ಟರ್ ಮೊದಲು ಕೇಳಿದ್ದೇ ಅದನ್ನ, ಎಷ್ಟು ಉದ್ದ ಇತ್ತು, ಅಂಥದ್ದೇ ಇನ್ನೊಂದಿದ್ಯಾ ಅಂತ.

– ಒಬ್ಬ ತಾಯಿ