ತುಂಬುತೋಳಿನ ಅಂಗಿ: ಗೆಳೆಯನಿಗೊಂದು ಪತ್ರ

ಕಲಬುರಗಿ

ಪ್ರಿಯ ಗೆಳೆಯ,

ಬೀದರಿನಲ್ಲಿ ನೀನು ಕಟ್ಟಿಸಿದ ಮನೆಯ ಗೃಹಪ್ರವೇಶಕ್ಕೆ ನಾನು ಬರಲಿಲ್ಲವೆಂದು ನೀನು ನೊಂದುಕೊಂಡದ್ದು ನ್ಯಾಯವೇ ಆಗಿದೆ. ಕಚೇರಿಯಲ್ಲಿ ರಜೆ ಸಿಗಲಿಲ್ಲವೆಂದು ಫೋನಿನಲ್ಲಿ ಹೇಳಿದ್ದು ಸುಳ್ಳು. ನಾಲ್ಕು ವರ್ಷಗಳಿಂದ ನನಗೆ ಸೋರಿಯಾಸಿಸ್ ಎಂಬ ಚರ್ಮರೋಗ ಇದೆ. ಆ ವಾರ ಮೊಣಕೈ, ಮೊಣಕಾಲು, ನೆತ್ತಿಯ ಮೇಲೆಲ್ಲ ಅದು ಉಲ್ಬಣಿಸಿತ್ತು. ನಿನ್ನ ಮನೆಯ ಹೊಸ ಹಾಸಿಗೆಯಲ್ಲಿ ಮಲಗಿ ಎದ್ದರೆ ಬೆಳಿಗ್ಗೆ ಅಲ್ಲಿ ಏನು ಉದುರಿರುತ್ತದೆಂದು ನನಗೆ ಗೊತ್ತಿತ್ತು.

ಚರ್ಮದ ಹೊಸ ಕೋಶ ಹುಟ್ಟಿ, ಮೇಲಕ್ಕೆ ಬಂದು, ಉದುರಿಹೋಗಲು ಸಾಮಾನ್ಯವಾಗಿ ಸುಮಾರು ಒಂದು ತಿಂಗಳು ಬೇಕು. ದೇಹದ ರಕ್ಷಣಾ ವ್ಯವಸ್ಥೆಯೇ ದಾರಿ ತಪ್ಪಿದ ನನ್ನಂಥವರಲ್ಲಿ ಅದು ಕೆಲವೇ ದಿನಗಳಲ್ಲಿ ನಡೆದುಹೋಗಿ, ಬಲಿಯದ ಕೋಶಗಳು ಪದರ ಪದರವಾಗಿ ಕೂಡಿ, ಕೆಂಪು ಕಲೆಗಳ ಮೇಲೆ ಬೆಳ್ಳಗಿನ ಹೊಟ್ಟಾಗಿ ನಿಲ್ಲುತ್ತವೆ. ದಿನವೂ ಮನೆಯವರು ಏಳುವ ಮೊದಲೇ ಎದ್ದು ಚಾದರ ಝಾಡಿಸಿ, ಮಂಚದ ಕೆಳಗಿನ ಶಹಾಬಾದಿ ಪರಸಿಯ ಮೇಲೆ ಜೋಳದ ಹಿಟ್ಟು ಚೆಲ್ಲಿದಂತೆ ಬಿದ್ದಿರುವ ಅದನ್ನು ಕಸಬರಿಗೆಯಿಂದ ಗುಡಿಸುತ್ತೇನೆ.

ಇದು ಅಂಟುರೋಗವಲ್ಲ. 2014ರಲ್ಲಿ ವಿಶ್ವ ಆರೋಗ್ಯ ಸಭೆಯೇ ಇದನ್ನು ಸಾಂಕ್ರಾಮಿಕವಲ್ಲದ, ದೀರ್ಘಕಾಲದ, ನೋವಿನ ಕಾಯಿಲೆಯೆಂದು ನಿರ್ಣಯದಲ್ಲಿ ಒಪ್ಪಿಕೊಂಡಿತು. ಆದರೆ ಕ್ಷೌರದವನು ನನ್ನ ನೆತ್ತಿ ನೋಡಿ ಬಾಚಣಿಗೆ ಕೆಳಗಿಟ್ಟು, "ಸರ, ನಾಳಿ ಬರ್ರಿ" ಎಂದಾಗ ಇದರಲ್ಲಿ ಒಂದು ಮಾತನ್ನೂ ಹೇಳಲಾಗದೆ ಎದ್ದು ಬಂದೆ. ಅವನ ಮೇಲೆ ನನಗೆ ಸಿಟ್ಟಿಲ್ಲ. ಮದುವೆಯೊಂದರ ಊಟದ ಪಂಕ್ತಿಯಲ್ಲಿ ಪಕ್ಕದವರು ಮೆಲ್ಲಗೆ ಎಲೆ ಸರಿಸಿಕೊಂಡದ್ದನ್ನು ಮಾತ್ರ ಮರೆಯಲಾಗಿಲ್ಲ. ಅಂದಿನಿಂದ, 40 ಡಿಗ್ರಿ ದಾಟುವ ನಮ್ಮೂರಿನ ಮೇ ತಿಂಗಳಲ್ಲೂ, ಮುಂಗೈಯ ಗುಂಡಿ ಹಾಕಿ ತುಂಬುತೋಳಿನ ಅಂಗಿ ತೊಡುತ್ತಿದ್ದೇನೆ. ಮಿತವಾದ ಬಿಸಿಲು ನಮ್ಮಲ್ಲಿ ಎಷ್ಟೋ ಜನರಿಗೆ ಹಿತ. ಆಸ್ಪತ್ರೆಗಳಲ್ಲಿ ಅತಿನೇರಳೆ ಕಿರಣದ ಚಿಕಿತ್ಸೆ ಕೊಡುವುದೂ ಇದೇ ಕಾರಣಕ್ಕೆ. ಬಿಸಿಲಿನ ನಾಡಿನಲ್ಲೇ ಹುಟ್ಟಿದ ನಾನು ನಾಚಿಕೆಗಾಗಿ ಆ ಬಿಸಿಲನ್ನೂ ದೂರವಿಟ್ಟೆ.

ಕಳೆದ ವರ್ಷ ರೋಗ ಕೀಲುಗಳಿಗೂ ಇಳಿಯಿತು. ಮೊದಲು ಉಗುರುಗಳಲ್ಲಿ ಸೂಜಿಮೊನೆಯಷ್ಟು ಕುಳಿಗಳು ಕಂಡವು, ಆಮೇಲೆ ಬೆರಳುಗಳು ಬಾತವು. ಬೆಳಿಗ್ಗೆ ಒಂದು ತಾಸು ಅವು ಮಡಚುವುದಿಲ್ಲ. ಒಂದು ದಿನ ಕಟಕ ರೊಟ್ಟಿ ಮುರಿಯಲು ನಾನು ಒದ್ದಾಡುವುದನ್ನು ಕಂಡ ಅವ್ವ, ತಾನೇ ಅದನ್ನು ಸಣ್ಣ ಚೂರು ಮಾಡಿ ತಾಟಿನಲ್ಲಿಟ್ಟು, ಏನೂ ಮಾತಾಡದೆ ಒಳಗೆ ಹೋದಳು. ನಲವತ್ತು ದಾಟಿದ ಮಗ ನಾನು. ಆ ದಿನ ಊಟ ಗಂಟಲಲ್ಲಿ ಇಳಿಯಲಿಲ್ಲ.

ಮೊದಮೊದಲು ಯಾರೋ ಕೊಟ್ಟ ಸ್ಟೀರಾಯ್ಡ್ ಮಾತ್ರೆ ನುಂಗಿ ಹದಿನೈದು ದಿನ ಹಗುರಾದೆ, ಥಟ್ಟನೆ ಬಿಟ್ಟಾಗ ರೋಗ ಎರಡರಷ್ಟಾಗಿ ಮರಳಿತು. ಈಗ ಚರ್ಮರೋಗ ವೈದ್ಯರ ಸಲಹೆಯಂತೆ ವಾರಕ್ಕೊಮ್ಮೆ ಮಾತ್ರ ಮೆಥೊಟ್ರೆಕ್ಸೇಟ್ ಎಂಬ ಮಾತ್ರೆ ತೆಗೆದುಕೊಳ್ಳುತ್ತೇನೆ. ತಪ್ಪಿ ದಿನಾಲು ನುಂಗಿದರೆ ಪ್ರಾಣಕ್ಕೇ ಕುತ್ತು, ಯಕೃತ್ತಿನ ಸ್ಥಿತಿ ತಿಳಿಯಲು ಆಗಾಗ ರಕ್ತ ಪರೀಕ್ಷೆಯೂ ಬೇಕು. ಮನಸ್ಸಿನ ಒತ್ತಡದಿಂದಲೂ ಇದು ಕೆರಳುತ್ತದೆಂದು ಅವರು ಹೇಳಿದಾಗ, ನಿನ್ನಿಂದ ಮುಚ್ಚಿಟ್ಟ ಭಾರ ಮೊದಲು ನೆನಪಾಯಿತು.

ಬರುವ ಭಾನುವಾರ ಬೀದರಿನ ರೈಲು ಹತ್ತುತ್ತೇನೆ, ಅರ್ಧತೋಳಿನ ಅಂಗಿಯಲ್ಲಿ. ಮಕ್ಕಳು ಕೈ ನೋಡಿ ಕೇಳಿದರೆ ಗದರಬೇಡ, ನಾನೇ ಹೇಳುತ್ತೇನೆ. ಮಲಗಲು ಒಂದು ಹಳೆಯ ಚಾದರ ತೆಗೆದಿಡು, ಕಸಬರಿಗೆ ಎಲ್ಲಿದೆಯೆಂದು ರಾತ್ರಿಯೇ ತೋರಿಸು.

ನಿನ್ನ ಗೆಳೆಯ