ಹಲಗೆ ತೆಗೆಯುವ ಮೊದಲು ಕಳೆ ತೆಗೆಯಿರಿ

ಮಾನ್ಯ ಸಂಪಾದಕರೇ,

ಬ್ರಹ್ಮಾವರ ಸುತ್ತಿನ ನಮ್ಮ ತೋಡು (ಹಳ್ಳ), ಮದಗ (ಕೆರೆ)ಗಳಲ್ಲಿ ಕಳೆ ಮುಚ್ಚಿಕೊಂಡು ಈಗ ನೀರೇ ಕಾಣುವುದಿಲ್ಲ. ನೀರಿಗೆ ಅಡ್ಡ ಕಟ್ಟಿದ ಕಿಂಡಿ ಅಣೆಕಟ್ಟಿನ ಕಿಂಡಿಗಳಿಗೆ ಹಲಗೆ ಹಾಕಿದ ಮೇಲೆ ಸಮುದ್ರದ ಉಪ್ಪು ನೀರು ಮೇಲೆ ಬರುವುದಿಲ್ಲ. ಬೆಳೆಗೆ ಒಳ್ಳೆಯದೇ. ಆದರೆ ಉಪ್ಪಿಗೆ ಸಾಯಬೇಕಾದ ಕಳೆಯೂ ನಿಂತ ಸಿಹಿ ನೀರಲ್ಲಿ ಹಾಯಾಗಿ ಹಬ್ಬುತ್ತದೆ. ಜೆಸಿಬಿ ತರಿಸಿ ತೆಗೆಸುತ್ತಾರೆ, ಮರುವರ್ಷ ಮತ್ತೆ ಅಷ್ಟೇ.

ತೆಗೆಯುವ ಮೊದಲು ಅದು ಯಾವ ಕಳೆ ಅಂತ ಯಾರೂ ನೋಡುತ್ತಿಲ್ಲ. ಉಬ್ಬಿದ ದಂಟು, ನೇರಳೆ ಹೂವಿನ ಅಂತರಗಂಗೆ ಎಲ್ಲರಿಗೂ ಗೊತ್ತು. ಅದರ ಪಕ್ಕದಲ್ಲೇ ಇರುವ ಸಾಲ್ವೀನಿಯಾ ಹೂ ಬಿಡದ ಜರಿಗಿಡ. ಒಂದು ಎಲೆ ಕಿತ್ತು ಕಣ್ಣ ಹತ್ತಿರ ಹಿಡಿಯಿರಿ. ಮೇಲೆಲ್ಲ ಸಣ್ಣ ರೋಮ. ಪ್ರತಿ ರೋಮವೂ ತುದಿಯಲ್ಲಿ ನಾಲ್ಕು ಎಳೆಯಾಗಿ ಒಡೆದು ಮತ್ತೆ ಕೂಡಿಕೊಂಡಿರುತ್ತದೆ, ಪುಟ್ಟ ಪಂಜರದ ಹಾಗೆ. ನೀರು ಹಾಕಿದರೆ ಅಂಟದೆ ಉರುಳಿ ಹೋಗುತ್ತದೆ. ಕೆಳಗೆ ಬೇರಿನಂತೆ ಇಳಿಬಿದ್ದಿರುವುದೂ ಎಲೆಯೇ.

ಇದು ಬೀಜದಿಂದ ಹುಟ್ಟುವುದಿಲ್ಲ, ಮುರಿದ ತುಂಡೇ ಹೊಸ ಗಿಡ. ಯಂತ್ರದಲ್ಲಿ ಕೊಚ್ಚಿದರೆ ನಾವೇ ಹಬ್ಬಿಸಿದಂತಾಯಿತು ಅಲ್ವಾ? ಅಂತರಗಂಗೆಯ ಬೀಜವಾದರೋ ಕೆಸರಲ್ಲಿ 15 ವರ್ಷಕ್ಕೂ ಜಾಸ್ತಿ ಜೀವ ಹಿಡಿದಿರುತ್ತದೆ. ಅದನ್ನು ಹೂ ಬಿಡುವ ಮೊದಲೇ, ಪ್ರತಿ ವರ್ಷ ಕೀಳಬೇಕು.

ಸಾಲ್ವೀನಿಯಾ ಬ್ರೆಜಿಲ್ ಮೂಲದ್ದು. ಅಲ್ಲಿ ಅದನ್ನು ತಿಂದು ಬದುಕುವ, ಸುಮಾರು 2 ಮಿಲಿಮೀಟರ್ ಉದ್ದದ ಮೂತಿ ಹುಳುವನ್ನು 1982ರಲ್ಲಿ ಆಸ್ಟ್ರೇಲಿಯಾದಿಂದ ನಮ್ಮ ದೇಶಕ್ಕೆ ತರಿಸಿದ್ದರು. ಬೆಂಗಳೂರಿನ ಒಂದು ನೈದಿಲೆ ಕೊಳಕ್ಕೆ ಬಿಟ್ಟಾಗ 11 ತಿಂಗಳಲ್ಲಿ ಕಳೆ ಕುಸಿದು, ನೈದಿಲೆ ಮತ್ತೆ ಚಿಗುರಿತು. ಕೇರಳದ ಕುಟ್ಟನಾಡಿನಲ್ಲೂ ಅದು ಕೆಲಸ ಮಾಡಿದೆ. ಭತ್ತ, ತೆಂಗಿನ ತಂಟೆಗೆ ಅದು ಬರುವುದಿಲ್ಲ. ಅಂತರಗಂಗೆಯನ್ನೂ ಮುಟ್ಟುವುದಿಲ್ಲ, ಅದಕ್ಕೆ ಬೇರೆ ಜಾತಿಯ ಹುಳುಗಳಿವೆ. ಕಳೆ ಗೊತ್ತಿಲ್ಲದೆ ಹುಳು ಬಿಟ್ಟರೆ ಸುಮ್ನೆ ದಂಡ.

ಪಂಚಾಯತ್‌ಗಳು ಒಂದು ಬಕೆಟ್‌ನಲ್ಲಿ ಕಳೆ ತುಂಬಿಸಿಕೊಂಡು ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರದವರಿಗೆ ತೋರಿಸಲಿ. ಹುಳು ತರಿಸುವ ದಾರಿಯನ್ನೂ ಅಲ್ಲೇ ಕೇಳಲಿ. ಕಳೆನಾಶಕ ಮಾತ್ರ ಬೇಡ, ಅದೇ ನೀರು ಗದ್ದೆಗೂ ಬಾವಿಗೂ ಹೋಗುವಂಥದ್ದು. ಈಗ ನೀರು ತಗ್ಗಿದೆ. ಬಲೆ ಅಡ್ಡ ಕಟ್ಟಿ, ತುಂಡಾಗದಂತೆ ಕೈಯಲ್ಲೇ ಎಳೆದು ಹಾಕಬಹುದು. ದಂಡೆಯ ಮೇಲೆ ರಾಶಿ ಹಾಕಬೇಡಿ, ಮೊದಲ ಮಳೆಗೇ ಎಲ್ಲ ವಾಪಸ್ ತೋಡಿಗೆ ಬರುತ್ತದೆ. ನೀರು ಹರಿದು ಬರದ ಎತ್ತರದ ಜಾಗಕ್ಕೆ ಸಾಗಿಸಿ, ಚೆನ್ನಾಗಿ ಒಣಗಿಸಿ, ಆಮೇಲೆ ಗೊಬ್ಬರದ ಗುಂಡಿಗೆ ಹಾಕಿ. ಮೇ ಕೊನೆಗೆ ಹಲಗೆ ಎತ್ತುವ ಮೊದಲು ಇಷ್ಟು ಆಗಬೇಕು. ಕೂಲಿಯ ಖರ್ಚನ್ನು ಪಂಚಾಯತ್ ಕೊಡುವುದಾದರೆ ಕೆಲಸಕ್ಕೆ ಬರಲು ನಾವು ಬೈಲಿನವರು ತಯಾರಿದ್ದೇವೆ.

ಇತಿ,
ಒಬ್ಬ ಕೃಷಿಕ, ಬ್ರಹ್ಮಾವರ