ಬೆಳೆದವರ ಹೆಸರೂ ಬರೆಯಲಿ

ಮಾನ್ಯ ಸಂಪಾದಕರೇ,

‘ಹೊಲದಿಂದ ತಟ್ಟೆಗೆ’ ಎನ್ನುವ ಹೋಟೆಲುಗಳು ಮುಂಬಯಿಯಲ್ಲೂ ಹೆಚ್ಚುತ್ತಿರುವುದು ಸಂತೋಷ. ಈ ಪದ್ಧತಿಗೆ ಹೆಸರು ತಂದದ್ದು 1971ರಲ್ಲಿ ಆಲಿಸ್ ವಾಟರ್ಸ್ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ತೆರೆದ ‘ಶೆ ಪನೀಸ್’ ಹೋಟೆಲು. ಸುತ್ತಲಿನ ರೈತರಿಂದ ಆಯಾ ಕಾಲಕ್ಕೆ ಸಿಕ್ಕಿದ್ದನ್ನು ಕೊಂಡು ದಿನಕ್ಕೊಂದು ಅಡುಗೆ. ಊಟದ ಪಟ್ಟಿಯಲ್ಲಿ ತೋಟದ ಹೆಸರೂ ಇರುತ್ತದೆ. ನನಗೆ ತುಂಬ ಹಿಡಿಸಿದ್ದು ಇದೇ.

ಮಾಟುಂಗಾದಲ್ಲಿ 1942ರಿಂದ ಬಾಳೆಲೆ ಊಟ ಬಡಿಸುತ್ತಿರುವ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಂಥ ಹೋಟೆಲುಗಳು ನಮ್ಮ ಹೆಮ್ಮೆ. ಪಕ್ಕದ ಪಾಲ್ಘರ್‌ನ ವಾಡಾ ಕೋಲಂ ಅಕ್ಕಿಗೆ ಭೌಗೋಳಿಕ ಸೂಚಕದ (ಇಂಥ ಪ್ರದೇಶದ್ದೇ ಬೆಳೆ ಎಂಬ ಗುರುತು, ಜಿಐ) ಮಾನ್ಯತೆಯೂ ಇದೆ. ಅನ್ನ ಯಾವ ಊರ ಗದ್ದೆಯದು, ಅಲಸಂಡೆ ಯಾರು ಬೆಳೆದದ್ದು ಎಂದು ಗಲ್ಲಾದ ಪಕ್ಕ ಕರಿಹಲಗೆಯಲ್ಲಿ ಬರೆಯಲು ಖರ್ಚೇನಿದೆ? ನಮ್ಮ ಹೋಟೆಲು ಮಾಲೀಕರು ಈ ಮಳೆಗಾಲದಲ್ಲೇ ಶುರು ಮಾಡಲಿ.

– ಓದುಗ, ಮಾಟುಂಗಾ, ಮುಂಬಯಿ